ಮೂರು ಕೊಡಪಾನ ನೀರು

"ನಾಲಗೆಗೆ ಹಾಕಿ ನೋಡಿದ್ರಾ?" ಎಂದು ಬರ್ತಾ ಕಿಟಕಿಯೊಳಗಿನಿಂದ ಗಂಡನನ್ನು ಕೇಳಿದಳು.

ಲೂಯಿಸ್ ಅಂಗಳದ ಬಾವಿಯಿಂದ ಆಗಷ್ಟೇ ಸೇದಿದ ನೀರನ್ನು ಅಂಗೈಯಲ್ಲಿ ಹಿಡಿದು ನಿಂತಿದ್ದ. ನಾಲಗೆಯ ತುದಿಗೆ ಮುಟ್ಟಿಸಿ ಉಗುಳಿದ. ಉಪ್ಪು ಬಂದಿತ್ತು. ಹೆಚ್ಚಿಲ್ಲ, ಸಾರಿಗೆ ಹಾಕಿದರೆ ಗೊತ್ತಾಗದಷ್ಟು. ಆದರೆ ನಿನ್ನೆ ಇರಲಿಲ್ಲ.

"ಬಂತು," ಎಂದ.

"ಹಾಗಾದ್ರೆ ಇವತ್ತಿನಿಂದ ಈ ಬಾವಿ ಗಿಡಗಳಿಗೆ ಇಲ್ಲ. ಒಂದು ಹನಿ ಬೀಳಬಾರದು. ಕೇಳಿತಾ?"

ಅದು ೧೯೮೪ರ ಎಪ್ರಿಲ್ ಎರಡನೆಯ ವಾರ. ಕಲ್ಯಾಣಪುರದಲ್ಲಿ ಹೊಳೆಯ ಬದಿಯ ಬಾವಿಗಳೆಲ್ಲ ಬೇಸಗೆಯಲ್ಲಿ ಹೀಗೆಯೇ. ಸ್ವರ್ಣಾ ಹೊಳೆಯಲ್ಲಿ ನೀರು ಇಳಿದ ಹಾಗೆ ಸಮುದ್ರದ ಉಬ್ಬರ ಒಳಕ್ಕೆ ನುಗ್ಗುತ್ತದೆ, ಮಣ್ಣಿನೊಳಗಿಂದ ಬಾವಿಗಳಿಗೂ ಇಳಿಯುತ್ತದೆ. ಸ್ನಾನಕ್ಕೆ, ಪಾತ್ರೆ ತೊಳೆಯುವುದಕ್ಕೆ ಆ ನೀರೇ ಸಾಕು. ಕುಡಿಯಲು, ಗಂಜಿ ಬೇಯಿಸಲು ಮಾತ್ರ ಗುಡ್ಡದ ಬದಿಯ ಬಾವಿಗಳಿಂದ ತರಬೇಕು. ಬರ್ತಾಳ ಮನೆಯಲ್ಲಿ ಕುಡಿಯುವವರ ಸಾಲಿನಲ್ಲಿ ಅವಳ ಗಿಡಗಳೂ ಸೇರಿದ್ದವು.

ಗಿಡಗಳು ಹದಿನೇಳು. ಜಗಲಿಯ ಅಡ್ಡ ಜಂತಿಗೆ ಹನ್ನೊಂದು ತೂಗುತ್ತಿದ್ದವು, ಆರು ಹಳೆಯ ಬೆಂಚಿನ ಮೇಲಿದ್ದವು. ಹಡಗಿನಲ್ಲಿ ಅಡುಗೆಯವನಾಗಿದ್ದ ಅವಳ ತಮ್ಮ ರೊಸಾರಿಯೊ ೧೯೬೯ರಲ್ಲಿ ಸಿಂಗಾಪುರದಿಂದ ಹಾಲಿನ ಪುಡಿಯ ಡಬ್ಬದಲ್ಲಿ ಒಂದು ಗಿಡ ತಂದಿದ್ದ. ಒದ್ದೆ ಟವೆಲಿನಲ್ಲಿ ಸುತ್ತಿದ ಮೂರು ಹಸಿರು ಕೋಲು, ಜೊತೆಗೆ ಒಂದು ಚೀಟಿ. ಚೀಟಿಯಲ್ಲಿದ್ದ 'ಡೆಂಡ್ರೋಬಿಯಂ' ಎಂಬ ಹೆಸರನ್ನು ಬರ್ತಾ ಎಂದೂ ಮೊಟಕು ಮಾಡಿ ಹೇಳಿದವಳಲ್ಲ. ಲೂಯಿಸ್ ಅದನ್ನು ಬದನಿಕೆ ಎನ್ನುತ್ತಿದ್ದ. ಮಣ್ಣು ಬೇಡ, ಗೊಬ್ಬರ ಬೇಡ, ಇದ್ದಿಲು ಮತ್ತು ಒಡೆದ ಹಂಚಿನ ಚೂರಿನಲ್ಲಿ ಬೇರು ಇಳಿಬಿಟ್ಟುಕೊಂಡು ಬದುಕುವ ಗಿಡಕ್ಕೆ ಬೇರೆ ಎಂತ ಹೆಸರು ಎಂದು ಅವನ ವಾದ. ಹಂಚಿನ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಮೇಸ್ತ್ರಿಯಾಗಿದ್ದ ಅವನು ಆಗಾಗ ಒಡೆದ ಹಂಚು ತಂದುಕೊಟ್ಟದ್ದು ಬಿಟ್ಟರೆ ಆ ಗಿಡಗಳಿಗಾಗಿ ಬೇರೇನೂ ಮಾಡಿರಲಿಲ್ಲ.

ಹೂ ಬಿಟ್ಟಾಗ ನೋಡಲು ಬನ್ನಂಜೆಯಿಂದಲೂ ಜನ ಬರುತ್ತಿದ್ದರು. ಬಿಳಿ ಎಸಳು, ನಡುವೆ ಬದನೆಕಾಯಿ ಬಣ್ಣದ ತುಟಿ. ಒಮ್ಮೆ ಚರ್ಚಿನ ಪಾದ್ರಿಯೇ ಬಂದು ಹಬ್ಬಕ್ಕೆ ಆಲ್ತಾರಿಗೆ ನಾಲ್ಕು ಗೊಂಚಲು ಬೇಕೆಂದಾಗ ಬರ್ತಾ, "ಗಿಡದಲ್ಲಿ ಇದ್ರೆ ಎರಡು ತಿಂಗಳು ಇರ್ತದೆ ಫಾದರ್, ನಿಮ್ಮಲ್ಲಿ ಎಂಟು ದಿನ. ದೇವರಿಗೆ ಎಂತ ಅವಸರ? ಇಲ್ಲಿಗೇ ಬಂದು ನೋಡಲಿ," ಎಂದಿದ್ದಳು. ಪಾದ್ರಿ ನಕ್ಕು ಕಾಫಿ ಕುಡಿದು ಹೋಗಿದ್ದರು. ಲೂಯಿಸ್‌ಗೆ ಒಂದು ವಾರ ನಾಚಿಕೆಯಾಗಿತ್ತು.

ಕಳೆದ ಡಿಸೆಂಬರಿನಲ್ಲಿ ಬರ್ತಾ ಅಡುಗೆಮನೆಯಲ್ಲಿ ಬಿದ್ದಳು. ಮಣಿಪಾಲದ ಆಸ್ಪತ್ರೆಯಲ್ಲಿ ಹನ್ನೊಂದು ದಿನ. ಮಾತು ಸ್ವಲ್ಪ ದಿನದಲ್ಲಿ ಸರಿಯಾಯಿತು, ಎಡಗೈ ಎಡಗಾಲು ಆಗಲಿಲ್ಲ. ಕುವೈತಿನಲ್ಲಿ ನರ್ಸ್ ಆಗಿದ್ದ ಮಗಳು ಸೆಲೀನ್ ಹದಿನೈದು ದಿನದ ರಜೆಯಲ್ಲಿ ಬಂದು, ತಾಯಿಯ ಮಂಚವನ್ನು ಜಗಲಿಯ ಕಡೆಯ ಕಿಟಕಿಯ ಪಕ್ಕಕ್ಕೆ ಎಳೆಸಿ, ಕೈಯಲ್ಲಿ ಹಿಚುಕಲು ಒಂದು ರಬ್ಬರ್ ಚೆಂಡು ಕೊಟ್ಟು ಹೋದಳು. ಕಿಟಕಿಯ ಸರಳು ಹಿಡಿದು ನಿಲ್ಲಬೇಕು, ನಿಂತ ಮೇಲೆ ಹೆಜ್ಜೆ ಇಡಬೇಕು, ಆರು ತಿಂಗಳೊಳಗೆ ಎಷ್ಟು ಬಂತೋ ಅಷ್ಟೇ, ಆಮೇಲೆ ಬರುವುದು ಕಷ್ಟ ಎಂದು ಮಣಿಪಾಲದ ಡಾಕ್ಟರು ಹೇಳಿದ್ದರು. ಬರ್ತಾ ಆರು ತಿಂಗಳನ್ನು ತನ್ನ ಲೆಕ್ಕಕ್ಕೆ ಬದಲಿಸಿಕೊಂಡಳು. ಜೂನಿನಲ್ಲಿ ಮಳೆ ಹಿಡಿಯುತ್ತದೆ, ಹಿಡಿದ ದಿನ ಜಗಲಿಯ ಅಂಚಿನ ಕುಂಡಗಳನ್ನು ಒಳಗೆ ಸರಿಸದಿದ್ದರೆ ಕೊಳೆಯುತ್ತವೆ. "ಆ ಕೆಲಸ ನಿಮಗೆ ಆಗುದಿಲ್ಲ. ಅಷ್ಟರೊಳಗೆ ನಾನೇ ಎದ್ದು ಬರ್ತೇನೆ. ಅಲ್ಲಿವರೆಗೆ ಅವನ್ನು ಸಾಯಲಿಕ್ಕೆ ಬಿಡಬೇಡಿ, ಅಷ್ಟು ಸಾಕು," ಎಂದಳು. ಮಂಚದಿಂದ ಜಗಲಿಯ ಬಾಗಿಲಿಗೆ ಒಂಬತ್ತು ಹೆಜ್ಜೆ. ಈಸ್ಟರಿಗೆ ಮೊದಲೇ ಅವಳು ಮೂರು ಹೆಜ್ಜೆ ನಡೆದಿದ್ದಳು.

ಲೂಯಿಸ್ ಕಲಿತ. ಬೆಳಿಗ್ಗೆ ಏಳರೊಳಗೆ ನೀರು, ಸಂಜೆ ಇಲ್ಲ. ಕುಂಡದ ತಳದಿಂದ ನೀರು ಇಳಿಯುವವರೆಗೆ ಹಾಕಬೇಕು, ಎಲೆಯ ಕಂಕುಳಲ್ಲಿ ನಿಲ್ಲಬಾರದು. ಎಲೆ ಉದುರಿ ಬೋಳಾದ ಹಳೆಯ ಕೋಲನ್ನು ಕತ್ತರಿಸಬಾರದು, ಹೂ ಬರುವುದು ಅದರಲ್ಲೇ. ಹದಿನೈದು ದಿನಕ್ಕೊಮ್ಮೆ ಮೀನು ತೊಳೆದ ನೀರನ್ನು ಹತ್ತರಷ್ಟು ತೆಳ್ಳಗೆ ಮಾಡಿ ಎರೆಯಬೇಕು. ಅವಳು ಕಿಟಕಿಯಿಂದ ಹೇಳುತ್ತಿದ್ದಳು, ಇವನು ಮಾಡುತ್ತಿದ್ದ. ಮೂವತ್ತು ವರ್ಷ ಕೆಲಸದವರಿಗೆ ಹೇಳಿ ಮಾಡಿಸಿದವನಿಗೆ ಹೇಳಿಸಿಕೊಂಡು ಮಾಡುವುದು ಹೊಸತು. ಆದರೂ ಮಾರ್ಚಿ ಕೊನೆಯಲ್ಲಿ ನಡುವಿನ ಕುಂಡದಲ್ಲಿ, ಎಲ್ಲಕ್ಕಿಂತ ಹಳೆಯ ಗಿಡದಲ್ಲಿ, ಹೂಕಡ್ಡಿ ಇಣುಕಿದಾಗ ಮೊದಲು ನೋಡಿದವನು ಅವನೇ. ಅವತ್ತು ಬರ್ತಾ ಒಂದು ಹೆಜ್ಜೆ ಹೆಚ್ಚು ಇಟ್ಟಳು.

ಈಗ ಸಿಹಿನೀರು ತರಬೇಕಿತ್ತು. ದಿನಕ್ಕೆ ಮೂರು ಕೊಡಪಾನ.

ಹತ್ತಿರದ ಸಿಹಿನೀರಿನ ಬಾವಿ ನೆರೆಯ ಗದ್ದೆಯ ಭೋಜ ಎಂಬವನದು. ಬೇಲಿಯ ನಡುವೆ ಹತ್ತಿಳಿಯಲು ಇಟ್ಟ ಕಲ್ಲಿನ ತಡಮೆ ದಾಟಿ, ಗದ್ದೆಯ ಬದುವಿನಲ್ಲಿ ನಡೆದರೆ ಐದು ನಿಮಿಷ. ಆ ಬಾವಿ ತೋಡಿಸಿದವನು ಲೂಯಿಸ್‌ನ ಅಪ್ಪ. ಕಟ್ಟೆಯ ಮುರಕಲ್ಲಿನ ಮೇಲೆ ಒಂದು ಶಿಲುಬೆ, ಅದರ ಕೆಳಗೆ ೧೯೩೮ ಎಂದು ಕೆತ್ತಿಸಿದ್ದ. ಭೋಜನ ಅಪ್ಪ ಲೂಯಿಸ್‌ನ ಮನೆಯವರ ಒಕ್ಕಲು. ಉಳುವವನಿಗೆ ಭೂಮಿ ಎಂದಾದಾಗ ಭೋಜ ಅರ್ಜಿ ಹಾಕಿದ, ೧೯೭೬ರಲ್ಲಿ ಟ್ರಿಬ್ಯೂನಲ್ ಗದ್ದೆಯನ್ನೂ ಗದ್ದೆಯೊಳಗಿನ ಬಾವಿಯನ್ನೂ ಅವನಿಗೆ ಬರೆದುಕೊಟ್ಟಿತು. ಲೂಯಿಸ್ ಅವತ್ತು ವಿಚಾರಣೆಯ ಕೋಣೆಯಲ್ಲಿ ಎಲ್ಲರೆದುರು, "ಆ ಬಾವಿಯ ನೀರು ಇನ್ನು ನನ್ನ ಕೈ ಮುಟ್ಟಿದರೆ ಕೇಳಿ," ಎಂದು ಹೇಳಿ ಹೊರಬಂದಿದ್ದ. ಎಂಟು ವರ್ಷ ತಡಮೆ ದಾಟಿರಲಿಲ್ಲ. ಬರ್ತಾಳಿಗೆ ಅಂಥದ್ದೇನೂ ಇರಲಿಲ್ಲ. ಪ್ರತಿ ಬೇಸಗೆಯಲ್ಲಿ ಸೊಂಟದ ಮೇಲೆ ಕೊಡಪಾನ ಇಟ್ಟು ಹೋಗಿ, ಭೋಜನ ಹೆಂಡತಿ ನಳಿನಾಕ್ಷಿಯೊಡನೆ ಅರ್ಧ ಗಂಟೆ ಮಾತಾಡಿ ಬರುತ್ತಿದ್ದಳು. ಅವಳು ತಂದ ನೀರನ್ನು ಲೂಯಿಸ್ ಕುಡಿಯುತ್ತಿದ್ದ. ತಂದದ್ದು ತಾನಲ್ಲವಲ್ಲ ಎಂದು ಸಮಾಧಾನ.

ಬರ್ತಾ ಬಿದ್ದ ಮೇಲೆ ಈ ವರ್ಷ ನಳಿನಾಕ್ಷಿಯೇ, ಕೇಳದೆಯೇ, ದಿನಾ ಬೆಳಿಗ್ಗೆ ಒಂದು ಕೊಡಪಾನ ಕುಡಿಯುವ ನೀರು ಹಿಂಬಾಗಿಲ ಮೆಟ್ಟಿಲಲ್ಲಿ ಇಟ್ಟು ಹೋಗುತ್ತಿದ್ದಳು. ಗಿಡಗಳಿಗೂ ಅವಳೇ ತರಲಿ ಎಂದು ಲೂಯಿಸ್ ಮೆಲ್ಲಗೆ ಹೇಳಿ ನೋಡಿದ.

"ಅವಳಿಗೆ ಸೊಂಟ ನೋವು ಉಂಟು," ಎಂದಳು ಬರ್ತಾ. "ನಮ್ಮ ಹೂವಿಗೆ ಅವಳು ಯಾಕೆ ಹೊರಬೇಕು? ನೀವೇ ತನ್ನಿ. ಬಾವಿಗೆ ನಿಮ್ಮ ಮೇಲೆ ಕೋಪ ಇಲ್ಲ."

ಅವನು ಹೋದ. ಅಲ್ಯುಮಿನಿಯಂ ಕೊಡಪಾನ ಹಿಡಿದು ತಡಮೆಯವರೆಗೆ ಹೋದ. ಅಲ್ಲಿಂದ ಬಾವಿ ಕಾಣುತ್ತದೆ. ಭೋಜ ಕಟ್ಟೆಯ ಮೇಲೆ ಕುಳಿತು ಹಲ್ಲುಜ್ಜುತ್ತಿದ್ದ. ಬರಿಮೈ, ಹೆಗಲಲ್ಲಿ ಕೆಂಪು ಬೈರಾಸು, ಕಾಲು ಕೆಳಗೆ ಇಳಿಬಿಟ್ಟಿದ್ದ. ಶಿಲುಬೆಯಿದ್ದ ಕಲ್ಲು ಅವನ ತೊಡೆಯ ಪಕ್ಕದಲ್ಲೇ ಇತ್ತು. ಅವನ ಎದುರು ಹೋಗಿ ನಿಲ್ಲಬೇಕು, ಏನಾದರೂ ಹೇಳಬೇಕು. ಏನು ಹೇಳುವುದು ಎಂದು ಲೂಯಿಸ್‌ಗೆ ಹೊಳೆಯಲಿಲ್ಲ. ತಡಮೆಯ ಈಚೆಗೆ ದೊಡ್ಡ ತೆಂಗಿನಮರವಿತ್ತು. ಅದರ ಹಿಂದೆ ನಿಂತು ಒಂದು ಬೀಡಿ ಸೇದಿದ. ಬೀಡಿ ಮುಗಿದರೂ ಭೋಜ ಏಳಲಿಲ್ಲ. ಲೂಯಿಸ್ ವಾಪಸು ಬಂದು, ಅಂಗಳದ ಬಾವಿಯಿಂದ ತುಂಬಿಸಿ, ಗಿಡಗಳಿಗೆ ಹಾಕಿದ.

ಒಂದು ದಿನಕ್ಕೆ ಏನಾಗುತ್ತದೆ ಎಂದುಕೊಂಡ.

ಎರಡನೆಯ ದಿನ ಭೋಜ ಅಲ್ಲಿರಲಿಲ್ಲ. ಆದರೆ ನಿನ್ನೆ ಹೋಗದವನು ಇವತ್ತು ಕದ್ದಂತೆ ಹೋಗುವುದೇ ಎನಿಸಿತು. ಮೂರನೆಯ ದಿನಕ್ಕೆ ಅದು ಕ್ರಮವಾಯಿತು. ಪಾತ್ರೆ ತೊಳೆಯಲು ಹೇಗೂ ಅಂಗಳದ ಬಾವಿಯಿಂದ ಸೇದಬೇಕು, ಆದ್ದರಿಂದ ರಾಟೆಯ ಸದ್ದಿನಿಂದ ಬರ್ತಾಳಿಗೆ ಸಂಶಯ ಬರಲಿಲ್ಲ. ತುಂಬಿದ ಕೊಡಪಾನವನ್ನು ಹೆಗಲಿಗೇರಿಸಿ ತೆಂಗಿನಮರದ ಹಿಂದೆ ಹೋಗಿ ಹತ್ತು ನಿಮಿಷ ನಿಲ್ಲುತ್ತಿದ್ದ. ಹೋಗಿಬರಲು ಬೇಕಾದಷ್ಟು ಹೊತ್ತು. ಹೀಗೆ ಮೂರು ಸಲ. ಭೋಜನ ಬಾವಿಗೆ ಹೋಗಿದ್ದರೆ ಆಗುತ್ತಿದ್ದ ಶ್ರಮಕ್ಕಿಂತ ಇದು ಹೆಚ್ಚು ಎಂದು ಅವನಿಗೆ ಗೊತ್ತಿತ್ತು.

ನಾಲ್ಕೈದು ದಿನ ಕಳೆದು ಬರ್ತಾ ನೀರಿನ ರುಚಿ ನೋಡಬೇಕೆಂದಳು. ಅದು ಅವಳ ಹಳೆಯ ಕ್ರಮ, ಬೇಸಗೆ ಪೂರ್ತಿ ಗಿಡಕ್ಕೆ ಹಾಕುವ ನೀರನ್ನು ನಾಲಗೆಗೆ ಮುಟ್ಟಿಸದೆ ಹಾಕಿದವಳಲ್ಲ. ಭೋಜನ ಬಾವಿಯೂ ಒಂದು ವರ್ಷ ಮೇ ತಿಂಗಳಲ್ಲಿ ಕೆಟ್ಟಿತ್ತಂತೆ. ಲೂಯಿಸ್ ಅಡುಗೆಮನೆಗೆ ಹೋಗಿ, ನಳಿನಾಕ್ಷಿ ಇಟ್ಟುಹೋದ ಕೊಡಪಾನದಿಂದ ಒಂದು ಲೋಟ ತುಂಬಿಸಿ ತಂದ. ಅವಳು ತುಟಿಗೆ ಮುಟ್ಟಿಸಿ, ನಾಲಗೆ ಒಳಗೆಳೆದುಕೊಂಡು, ತಲೆಯಾಡಿಸಿದಳು.

"ನಿಮ್ಮ ಅಪ್ಪನ ಬಾವಿ ಒಳ್ಳೆ ಬಾವಿ," ಎಂದಳು. ಆಮೇಲೆ ಅವನ ಮುಖ ನೋಡಿ, "ಭೋಜ ಎಂತಾದ್ರೂ ಹೇಳಿದ್ನಾ?"

"ಅವನು ಎಂತ ಹೇಳ್ತಾನೆ? ಏನೂ ಇಲ್ಲ."

"ನೋಡಿ. ಎಂಟು ವರ್ಷ ಸುಮ್ಮನೆ ಹೋಯ್ತಲ್ವಾ ನಿಮ್ಮದು."

ಅವಳು ಸಂತೋಷದಲ್ಲಿದ್ದಳು. ಗಂಡ ತಡಮೆ ದಾಟಿದ್ದು ಅವಳಿಗೆ ಹೂ ಬಂದಷ್ಟೇ ದೊಡ್ಡದಾಗಿತ್ತು. ಆ ಸಂಜೆ ಸರಳು ಬಿಟ್ಟು, ಅವನ ಮೊಣಕೈ ಹಿಡಿದು, ಐದು ಹೆಜ್ಜೆ ನಡೆದಳು. ಲೂಯಿಸ್ ಅವಳನ್ನು ತಿರುಗಿ ಮಂಚಕ್ಕೆ ತರುವಾಗ ನಾಳೆಯಿಂದ ನಿಜವಾಗಿಯೂ ಹೋಗಬೇಕು ಎಂದು ನಿರ್ಧರಿಸಿದ. ಮರುದಿನ ನಳಿನಾಕ್ಷಿಯ ಜೊತೆ ಇನ್ನಿಬ್ಬರು ಹೆಂಗಸರು ಬಾವಿಕಟ್ಟೆಯಲ್ಲಿ ಬಟ್ಟೆ ಒಗೆಯುತ್ತಿದ್ದರು. ಅವನು ತೆಂಗಿನಮರದ ಹಿಂದೆ ನಿಂತ.

ಮೇ ತಿಂಗಳ ಮೊದಲ ವಾರದಲ್ಲಿ ಎಲೆಗಳ ತುದಿ ಕಂದಿತು. ಮೊದಲು ಒಂದೆರಡು ಗಿಡ, ಆಮೇಲೆ ಸಾಲಾಗಿ ಎಲ್ಲವೂ. ಬೆಂಕಿ ತಾಗಿಸಿದ ಕಾಗದದ ಅಂಚಿನ ಹಾಗೆ ಕಂದು, ಅದರ ಹಿಂದೆ ತೆಳು ಹಳದಿ. ಹಂಚಿನ ಚೂರುಗಳ ಮೇಲೆ ಬಿಳಿ ಪುಡಿ ಕುಳಿತಿತ್ತು. ಲೂಯಿಸ್ ಬರ್ತಾ ಏಳುವ ಮೊದಲು ಒದ್ದೆ ಬಟ್ಟೆಯಿಂದ ಅದನ್ನು ಒರೆಸುತ್ತಿದ್ದ. ಎಲೆಯನ್ನು ಒರೆಸಲು ಬರುವುದಿಲ್ಲ.

ಅವಳು ಕಿಟಕಿಯಿಂದ ನೋಡುತ್ತ ತಪ್ಪನ್ನು ತನ್ನಲ್ಲೇ ಹುಡುಕಿದಳು. ಮಾರ್ಚಿಯಲ್ಲಿ ಹೂಕಡ್ಡಿ ಕಂಡ ಆಸೆಗೆ ಮೀನಿನ ನೀರನ್ನು ವಾರಕ್ಕೊಮ್ಮೆ ಹಾಕಿಸಿದ್ದಳು. ಅದೇ ಹೆಚ್ಚಾಯಿತು, ಬೇರು ಸುಟ್ಟಿತು ಎಂದಳು. ಇದಕ್ಕೆ ಮದ್ದು ಅವಳಿಗೆ ಗೊತ್ತಿತ್ತು. ಹೆಚ್ಚಾದ ಸಾರವನ್ನು ತೊಳೆದು ಇಳಿಸಬೇಕು. ಬರಿಯ ಸಿಹಿನೀರು, ಎರಡರಷ್ಟು, ಕುಂಡದ ತಳದಿಂದ ಧಾರೆ ಹರಿಯುವ ಹಾಗೆ, ಹತ್ತು ದಿನ.

"ಮೂರಲ್ಲ, ಆರು ಕೊಡಪಾನ," ಎಂದಳು. "ನಿಮಗೆ ಕಷ್ಟ, ಗೊತ್ತುಂಟು. ಹತ್ತು ದಿನ ಅಷ್ಟೆ. ಆಗ್ತದಾ?"

ಲೂಯಿಸ್ ಬಾಗಿಲ ಬಳಿ ನಿಂತಿದ್ದ. ಹೇಳಲು ಅದು ಸರಿಯಾದ ಹೊತ್ತು ಎಂದು ಅವನಿಗೆ ಗೊತ್ತಾಯಿತು. ಬಾಯಿಯೂ ತೆರೆದ. ಅವಳು ಎಡಗೈಯಲ್ಲಿ ಚೆಂಡು ಹಿಡಿದು ಅವನನ್ನೇ ನೋಡುತ್ತಿದ್ದಳು, ಚೆಂಡು ಅರ್ಧಕ್ಕೆ ಕುಗ್ಗಿತ್ತು. ಅಷ್ಟು ಕುಗ್ಗಿದ್ದು ಅವನು ಅದುವರೆಗೆ ನೋಡಿರಲಿಲ್ಲ.

"ಆಗ್ತದೆ," ಎಂದ.

ಇನ್ನಾದರೂ ಭೋಜನ ಬಾವಿಗೆ ಹೋಗಬಹುದಿತ್ತು. ಹೋಗಲಿಲ್ಲ. ಅವನಲ್ಲಿ ಈಗ ಬೇರೊಂದು ಲೆಕ್ಕವಿತ್ತು. ಇಷ್ಟು ದಿನದ ಮೇಲೆ ಅಲ್ಲಿ ಕಾಣಿಸಿಕೊಂಡರೆ ನಳಿನಾಕ್ಷಿ ಬರ್ತಾಳ ಬಳಿ ಹೇಳಿಯೇ ಹೇಳುತ್ತಾಳೆ, ಪೊರ್ಬುಗಳು ಇವತ್ತು ಮೊದಲ ಸಲ ಬಂದರು ಎಂದು. ಊರವರು ಅವನನ್ನು, ಎಲ್ಲ ಕ್ರಿಶ್ಚಿಯನ್ ಗಂಡಸರನ್ನು ಕರೆಯುವ ಹಾಗೆ, ಪೊರ್ಬುಗಳು ಎನ್ನುತ್ತಿದ್ದರು. ಹಾಗಾಗಿ ಆರು ಕೊಡಪಾನವನ್ನೂ ಅಂಗಳದ ಬಾವಿಯಿಂದಲೇ ಹಾಕಿದ. ಮೇ ತಿಂಗಳಲ್ಲಿ ಆ ನೀರು ಬಾಯಿಗಿಟ್ಟರೆ ವಾಂತಿ ಬರುವಷ್ಟು ಕೆಟ್ಟಿತ್ತು. ಪ್ರತಿ ಬೆಳಿಗ್ಗೆ ಅವಳು ಒಳಗಿನಿಂದ, ಇನ್ನೂ ಹಾಕಿ, ತಳದಿಂದ ಬರಲಿ, ಇನ್ನೂ ಹಾಕಿ, ಎಂದು ಹೇಳುತ್ತಿದ್ದಳು. ಅವನು ಹಾಕುತ್ತಿದ್ದ. ಹಳೆಯ ಗಿಡದ ಹೂಕಡ್ಡಿಯಲ್ಲಿ ಹದಿನಾಲ್ಕು ಮೊಗ್ಗುಗಳಿದ್ದವು. ಅವು ಒಂದೊಂದಾಗಿ ಹಳದಿಯಾಗಿ ಜಗಲಿಯ ಸಿಮೆಂಟಿನ ಮೇಲೆ ಉದುರಿದವು. ಎಲೆಗಳು ಉದುರಿದವು. ಕೋಲುಗಳು ಉದ್ದಕ್ಕೆ ಸುಕ್ಕು ಬಿದ್ದವು. ಎಂಟನೆಯ ದಿನ ಬರ್ತಾ ನಡೆಯುವುದಕ್ಕೆ ಏಳಲಿಲ್ಲ, ಕುಂಡ ತರಲು ಹೇಳಿದಳು.

"ಯಾವುದು?"

"ನಡುವಿನದ್ದು. ರೊಸಾರಿಯೊ ತಂದದ್ದು."

ಅವಳ ತೊಡೆಯ ಮೇಲೆ ಹಳೆಯ ಪೇಪರು ಹಾಸಿ ಲೂಯಿಸ್ ಕುಂಡವನ್ನು ಇಟ್ಟ. ಗಿಡ ಕುಂಡಕ್ಕೆ ಹಿಡಿದುಕೊಂಡಿರಲಿಲ್ಲ, ಎತ್ತಿದರೆ ಹಾಗೆಯೇ ಬಂತು. ಬರ್ತಾ ಒಂದು ಬೇರನ್ನು ಬಲಗೈಯ ಎರಡು ಬೆರಳಲ್ಲಿ ಹಿಡಿದು ಎಳೆದಳು. ಬದುಕಿದ ಬೇರು ಬೆಳ್ಳಗೆ, ಗಟ್ಟಿಯಾಗಿ, ತುದಿಯಲ್ಲಿ ಹಸಿರಾಗಿ ಇರುತ್ತದೆ. ಇದರ ಮೇಲಿನ ಸಿಪ್ಪೆ ಕಾಲುಚೀಲದ ಹಾಗೆ ಕಳಚಿ ಅವಳ ಬೆರಳಿಗೆ ಬಂತು. ಒಳಗೆ ತಂತಿಯಂಥ ಒಂದು ನಾರು ಮಾತ್ರ ಉಳಿಯಿತು. ಇನ್ನೊಂದು ಎಳೆದಳು, ಅದೂ ಹಾಗೆಯೇ. ಐದಾರು ಬೇರು ಎಳೆದಳು. ಆಮೇಲೆ ಕುಂಡದೊಳಗೆ ಕೈ ಹಾಕಿ ತಳದಿಂದ ಒಂದು ಇದ್ದಿಲಿನ ಚೂರು ತೆಗೆದಳು. ತಳದವರೆಗೆ ಲೂಯಿಸ್‌ನ ಒದ್ದೆ ಬಟ್ಟೆ ಹೋಗಿರಲಿಲ್ಲ. ಅವಳು ಆ ಚೂರನ್ನು ತಿರುಗಿಸಿ ನೋಡಿ, ಬಾಯಿಗೆ ತಂದು, ನೆಕ್ಕಿದಳು.

ಲೂಯಿಸ್ ಕಿಟಕಿಯ ಹೊರಗೆ ನೋಡಿದ.

ಅವಳು ಚೂರನ್ನು ಕೈಯಲ್ಲೇ ಹಿಡಿದಿದ್ದಳು. ತುಟಿಯಲ್ಲಿ ಕಪ್ಪು ಹತ್ತಿತ್ತು.

"ಎಷ್ಟು ದಿನದಿಂದ?" ಎಂದಳು.

"ಶುರುವಿನಿಂದ."

"ಲೋಟದಲ್ಲಿ ತಂದದ್ದು?"

"ಅದು ನಳಿನಾಕ್ಷಿ ತಂದ ನೀರು."

"ಭೋಜ ನೀರು ಕೊಡುದಿಲ್ಲ ಹೇಳಿದ್ನಾ?"

"ಇಲ್ಲ. ನಾನು ಹೋಗ್ಲಿಲ್ಲ."

ಅವಳು ಇದ್ದಿಲಿನ ಚೂರನ್ನು ಕುಂಡದೊಳಗೆ ಹಾಕಿದಳು. "ಆರು ಕೊಡಪಾನ ಹಾಕಿ ಅಂತ ನಾನು ಹೇಳಿದೆ," ಎಂದಳು. ಸ್ವರ ಏರಿರಲಿಲ್ಲ. "ದಿನಾ ಇಲ್ಲಿ ಮಲಗಿ, ಇನ್ನೂ ಹಾಕಿ, ಇನ್ನೂ ಹಾಕಿ ಅಂತ ಹೇಳಿದೆ. ನನ್ನ ಕೈಯಿಂದಲೇ ಕೊಲ್ಲಿಸಿದಿರಿ. ಆಗ ಆದ್ರೂ ಹೇಳಬಹುದಿತ್ತು."

ಲೂಯಿಸ್ ಕುಂಡವನ್ನು ಎತ್ತಿಕೊಳ್ಳಲು ಬಾಗಿದ. ಅವಳು ಪೇಪರನ್ನು ಅಲುಗಿಸದೆ ಬಿಟ್ಟುಕೊಟ್ಟಳು. ಅವನು ಅದನ್ನು ತಿರುಗಿ ಅದರ ಕೊಕ್ಕೆಗೇ ತೂಗುಹಾಕಿದ. ಬೇರೆಲ್ಲಿ ಇಡುವುದು ಎಂದು ಗೊತ್ತಾಗಲಿಲ್ಲ.

ಮರುದಿನ ಬೆಳಿಗ್ಗೆ ಅವನು ಗಂಜಿ ತಂದಾಗ ಅವಳು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ತಿರುಗದೆಯೇ, "ಭೋಜನ ಬಾವಿಯಿಂದ ತನ್ನಿ. ಮೂರು ಕೊಡಪಾನ," ಎಂದಳು.

ಅವನು ಹೋದ. ಈ ಸಲ ತೆಂಗಿನಮರದ ಬಳಿ ನಿಲ್ಲಲಿಲ್ಲ. ತಡಮೆ ಹತ್ತಿ ಆಚೆಗೆ ಇಳಿದ. ಭೋಜ ಎಮ್ಮೆಯನ್ನು ಕಟ್ಟುತ್ತಿದ್ದವನು ಕೈ ಒರೆಸಿಕೊಂಡು ಬಾವಿಯ ಬಳಿ ಬಂದ. ಲೂಯಿಸ್ ದಾರಿಯುದ್ದಕ್ಕೂ ಒಂದು ಮಾತು ಸಿದ್ಧ ಮಾಡಿಕೊಂಡು ಬಂದಿದ್ದ. ಅದನ್ನು ಹೇಳುವ ಮೊದಲೇ ಭೋಜ ಹಗ್ಗವನ್ನು ಅವನ ಕೈಗೆ ಕೊಟ್ಟ.

"ನೋಡಿಕೊಂಡು ಸೇದಿ, ಹಗ್ಗ ಹೊಸತು, ಜಾರ್ತದೆ," ಎಂದ. ಆಮೇಲೆ, "ಒಂದು ತಿಂಗಳಾಯ್ತು, ನೀವು ದಿನಾ ಆ ತೆಂಗಿನ ಬುಡದಲ್ಲಿ ನಿಲ್ಲುದು ಕಾಣ್ತಿತ್ತು. ನಾನು ನಳಿನಾಕ್ಷಿ ಹತ್ರ ಹೇಳಿದೆ, ಪೊರ್ಬುಗಳಿಗೆ ಮೂತ್ರದ ತೊಂದರೆ ಶುರುವಾಗಿರಬೇಕು ಅಂತ."

ಲೂಯಿಸ್ ಹಗ್ಗವನ್ನು ಬಾವಿಗಿಳಿಸಿದ.

"ಕರೀಬೇಕು ಅಂತ ಎಷ್ಟು ಸಲ ಎಣಿಸಿದೆ," ಎಂದ ಭೋಜ. "ಕರೆದ್ರೆ ನಿಮಗೆ ಬೇಜಾರಾದೀತು ಅಂತ ಸುಮ್ಮನಾದೆ. ನಿಮ್ಮ ಸ್ವಭಾವ ನನಗೆ ಗೊತ್ತಿಲ್ವಾ ಮಾರಾಯ್ರೆ."

ಬಾವಿಕಟ್ಟೆಯ ಶಿಲುಬೆಗೂ ಇಸವಿಗೂ ಯಾರೋ ಸುಣ್ಣ ಬಳಿದಿದ್ದರು. ಹಳೆಯ ಸುಣ್ಣದ ಮೇಲೆ ಹೊಸದು, ಅದರ ಮೇಲೆ ಇನ್ನೂ ಹೊಸದು, ಹೀಗೆ ಏಳೆಂಟು ಪದರ. ಲೂಯಿಸ್ ಕೊಡಪಾನ ತುಂಬಿಸಿ ಹೆಗಲಿಗೇರಿಸಿದ. ಅವನಿಗೆ ಭೋಜ ಬೈದಿದ್ದರೆ ಒಳ್ಳೆಯದಿತ್ತು ಎನಿಸಿತು. ಬೈಗುಳಕ್ಕೆ ಅವನ ಬಳಿ ಉತ್ತರವಿತ್ತು.

ಅಂದಿನಿಂದ ದಿನಾ ಮೂರು ಸಲ ಹೋಗಿಬಂದ. ಗಿಡಗಳು ಚೇತರಿಸಲಿಲ್ಲ. ಚೇತರಿಸುವುದಿಲ್ಲ ಎಂದು ಬರ್ತಾಳಿಗೆ ಗೊತ್ತಿರಲೇಬೇಕು, ಬೇರು ಎಳೆದು ನೋಡಿದವಳು ಅವಳು. ಆದರೂ ತರಬೇಡಿ ಎನ್ನಲಿಲ್ಲ. ನೀರಿನ ರುಚಿ ನೋಡುತ್ತೇನೆ ಎನ್ನಲಿಲ್ಲ. ತಳದಿಂದ ಇಳಿಯಿತೇ ಎಂದು ಕೇಳಲಿಲ್ಲ. ಗಂಜಿ ಬೇಕೇ ಎಂದರೆ ಬೇಕು ಅಥವಾ ಬೇಡ ಎನ್ನುತ್ತಿದ್ದಳು. ಸೆಲೀನ್‌ಗೆ ಕಾಗದ ಬರೆಯಲೇ ಎಂದರೆ ಬರೆಯಿರಿ ಎಂದಳು. ಏನು ಬರೆಯಬೇಕೆಂದು ಹೇಳಲಿಲ್ಲ. ಒಂದು ಸಂಜೆ ಅವನು ನಡೆಯೋಣ ಎಂದು ಮೊಣಕೈ ಚಾಚಿದಾಗ ಅವಳು ಅದನ್ನು ನೋಡಿ, "ಎಲ್ಲಿಗೆ?" ಎಂದಳು. ಅವನು ಮೊಣಕೈ ಇಳಿಸಿದ. ನಳಿನಾಕ್ಷಿ ಬಂದು ಕುಳಿತು, ಗಿಡ ಹೋದರೆ ಗಿಡ ಬರುತ್ತದೆ, ಕಾಲು ಬಿಟ್ಟರೆ ಬರುವುದಿಲ್ಲ ಬಾಯಮ್ಮ ಎಂದೆಲ್ಲ ಹೇಳಿದಳು. ಬರ್ತಾ ಅವಳ ಸೊಂಟನೋವಿನ ವಿಷಯ ಕೇಳಿದಳು. ಎಡಗೈಯ ಬೆರಳುಗಳು ಮತ್ತೆ ಒಳಕ್ಕೆ ಮಡಚಿಕೊಳ್ಳತೊಡಗಿದ್ದವು. ಮೇ ಮುಗಿಯುವಾಗ ಅವುಗಳನ್ನು ಬಿಡಿಸಿ ತೊಳೆಯುವುದೂ ಲೂಯಿಸ್‌ನ ಕೆಲಸವಾಯಿತು.

ಮಳೆ ಜೂನ್ ನಾಲ್ಕಕ್ಕೆ ಬಂತು. ಬೆಳಿಗ್ಗೆ ಆರರ ಹೊತ್ತಿಗೆ ಸಮುದ್ರದ ಕಡೆಯಿಂದ ಕಪ್ಪಾಗಿ ಬಂದು, ಗಾಳಿಯೂ ಇಲ್ಲದೆ, ನೇರವಾಗಿ ಸುರಿಯಿತು. ಮಾಡಿನ ಹಂಚಿನಿಂದ ನೀರು ಇಳಿದು ಜಗಲಿಯ ಅಂಚಿನ ಕುಂಡಗಳ ಮೇಲೆ ಬೀಳುತ್ತಿತ್ತು. ಲೂಯಿಸ್ ಒಳಗೆ ಹೋಗಿ ಮಂಚದ ಬಳಿ ನಿಂತ.

"ಮಳೆ ಬಂತು," ಎಂದ.

ಬರ್ತಾ ಎಚ್ಚರವಾಗಿದ್ದಳು. ಕಣ್ಣು ತೆರೆದಿತ್ತು. ಗೋಡೆಯ ಕಡೆ ನೋಡುತ್ತಿದ್ದಳು.

"ಅಂಚಿನ ಕುಂಡ ಒಳಗೆ ಇಡ್ಲಾ?"

ಅವಳು ಹೂಂ ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಅವನು ಸ್ವಲ್ಪ ಹೊತ್ತು ಕಾದ. ನೀರು ತರುವುದು ಸಾಕು ಎಂದು ಹೇಳಿಯಾಳು ಎಂದು ಕಾದ. ಹೊರಗೆ ಮಳೆಯ ಸದ್ದು ಎಷ್ಟಿತ್ತೆಂದರೆ ಅವಳು ಮೆಲ್ಲಗೆ ಹೇಳಿದ್ದರೆ ಕೇಳುತ್ತಿರಲಿಲ್ಲ. ಅದಕ್ಕಾಗಿ ಅವನು ಬಾಗಿ ಅವಳ ತುಟಿ ನೋಡಿದ. ತುಟಿ ಅಲುಗಲಿಲ್ಲ.

ಅಡುಗೆಮನೆಯ ಮೂಲೆಯಿಂದ ಕೊಡಪಾನ ತೆಗೆದುಕೊಂಡು ಅವನು ಅಂಗಳಕ್ಕಿಳಿದ. ಕೊಡೆ ಹಿಡಿದರೆ ಕೊಡಪಾನ ಹೊರಲು ಕೈ ಸಾಲದು. ತಡಮೆಯ ಕಲ್ಲು ಜಾರುತ್ತಿತ್ತು, ಬದುವಿನ ಮಣ್ಣು ಕಾಲಿಗೆ ಹತ್ತುತ್ತಿತ್ತು. ನಳಿನಾಕ್ಷಿ ತನ್ನ ಮನೆಯ ಜಗಲಿಯಲ್ಲಿ ನಿಂತು ಸೌದೆ ಒಳಗೆ ಹಾಕುತ್ತಿದ್ದವಳು ಕೈಯಲ್ಲಿದ್ದ ಸೌದೆಯೊಂದಿಗೆ ಹಾಗೆಯೇ ನಿಂತಳು.

"ಪೊರ್ಬುಗಳೇ, ಈ ಮಳೆಗೆ ಎಂತ ನೀರು?" ಎಂದು ಕೂಗಿ ಕೇಳಿದಳು. ಒಳಗಿನಿಂದ ಭೋಜ ಅವಳಿಗೆ ಏನೋ ಹೇಳಿದ. ಅವಳು ಮತ್ತೆ ಕೇಳಲಿಲ್ಲ.

ಲೂಯಿಸ್ ಹಗ್ಗ ಬಿಟ್ಟ. ಕೆಳಗೆ ಬಾವಿಯ ನೀರಿನ ಮೇಲೆಲ್ಲ ಮಳೆ ಬೀಳುತ್ತಿತ್ತು. ಸೇದಿ, ಕೊಡಪಾನ ತುಂಬಿಸಿ, ಹೆಗಲಿಗೇರಿಸಿದ. ಬದುವಿನ ಮೇಲೆ ಚೆಲ್ಲದ ಹಾಗೆ, ಒಂದೊಂದೇ ಹೆಜ್ಜೆ ಊರಿ ನಡೆದ. ಆದರೂ ಚೆಲ್ಲುತ್ತಿತ್ತು. ಚೆಲ್ಲಿದಷ್ಟು ಜಾಗಕ್ಕೆ ಮಳೆ ಬಿದ್ದು ತುಂಬುವ ಸದ್ದು ಅವನ ಕಿವಿಯ ಪಕ್ಕದಲ್ಲೇ ಕೇಳುತ್ತಿತ್ತು.